ಹದಿನಾಲ್ಕು ಅಂಕಗಳ ನ್ಯಾಯ

ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ 1960ರ ರೋಮ್ ಕೂಟದಿಂದಲೂ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಕಾಲು ಕಳೆದುಕೊಂಡವರೂ ಬೆನ್ನುಹುರಿಗೆ ಪೆಟ್ಟಾದವರೂ ಒಂದೇ ತಂಡದಲ್ಲಿ ಆಡುವ ಈ ಆಟದ ವೇಗವನ್ನು ಮೆಚ್ಚುವವರು ಅನೇಕರು. ನನ್ನ ಗಮನ ಸೆಳೆದಿರುವುದು ಅದರ ಒಂದು ನಿಯಮ.

ದೇಹದ ಕಾರ್ಯಸಾಮರ್ಥ್ಯಕ್ಕೆ ಅನುಗುಣವಾಗಿ ಪ್ರತಿ ಆಟಗಾರರಿಗೂ 1ರಿಂದ 4.5ರವರೆಗೆ ಅಂಕ ನಿಗದಿಯಾಗುತ್ತದೆ. ಊನ ತೀವ್ರವಾದಷ್ಟೂ ಅಂಕ ಕಡಿಮೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅಂಕಣದಲ್ಲಿರುವ ಐವರ ಒಟ್ಟು ಅಂಕ 14ನ್ನು ಮೀರುವಂತಿಲ್ಲ. ಮೊಣಕಾಲ ಕೆಳಗೆ ಒಂದು ಕಾಲು ಮಾತ್ರ ಇಲ್ಲದವರು ಸಾಮಾನ್ಯವಾಗಿ 4.5 ಅಂಕದವರು; ಅಂಥ ಐವರು ಸೇರಿದರೆ 22.5. ಆದ್ದರಿಂದ 1 ಅಂಕದ ಆಟಗಾರ ಅನುಕಂಪದ ಆಯ್ಕೆಯಲ್ಲ, ತಂಡದ ಅಗತ್ಯ.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4ರಷ್ಟು ಮೀಸಲಾತಿ ನೀಡಿರುವುದು ಸ್ವಾಗತಾರ್ಹ. ಆದರೆ ಶೇ 40ರ ಗೆರೆ ದಾಟಿದವರೆಲ್ಲ ತಮ್ಮ ವರ್ಗದೊಳಗೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ಶೇ 45ರವರಿಗೂ ಶೇ 90ರವರಿಗೂ ಒಂದೇ ತಕ್ಕಡಿ. ತೀವ್ರ ಊನವುಳ್ಳವರನ್ನು ಆರಿಸಲು ಇಲಾಖೆಗೆ ಯಾವ ಪ್ರೇರಣೆಯೂ ಇಲ್ಲ; ಪ್ರೇರಣೆಯಿಲ್ಲದ ಕಡೆ ಆಡಳಿತ ಸುಲಭದ ದಾರಿಯನ್ನೇ ಹಿಡಿಯುತ್ತದೆಂಬುದು ನನ್ನ ಸೇವಾವಧಿಯ ಅನುಭವ.

ಆಟದ ನಿಯಮವನ್ನು ಕಚೇರಿಗೆ ಯಥಾವತ್ತಾಗಿ ತರಲಾಗದು. ನೇಮಕಗೊಂಡವರ ಊನದ ಪ್ರಮಾಣವನ್ನು, ಹೆಸರು ಬಹಿರಂಗಪಡಿಸದೆ, ಪ್ರತಿ ಇಲಾಖೆಯೂ ವರ್ಷಕ್ಕೊಮ್ಮೆ ಪ್ರಕಟಿಸಲಿ. ಸೌಲಭ್ಯ ಯಾರನ್ನು ತಲುಪುತ್ತಿಲ್ಲವೆಂಬುದು ಆಗಲಾದರೂ ಕಣ್ಣಿಗೆ ಬೀಳುತ್ತದೆ.