ಆಪರೇಷನ್‌ಗೆ ಮುನ್ನ ಒಂದು ಪ್ರಶ್ನೆ

"ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಇನ್ನೇನು ಯೋಚನೆ ಡಾಕ್ಟ್ರೇ, ನಾಳೆಯೇ ಆಪರೇಷನ್ ಮಾಡಿಸಿಬಿಡೋಣ." ರೋಗಿಗಿಂತ ಮೊದಲು ಮನೆಯವರು ಆಡುವ ಮಾತಿದು. ಆತಂಕ ಸಹಜ. ಆದರೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನಲ್ಲಿ ಈ ಆತುರ ಎಲ್ಲರಿಗೂ ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಪುಟ್ಟ ಗ್ರಂಥಿ. ಐವತ್ತು ದಾಟಿದವರು ಪೂರ್ಣ ತಪಾಸಣೆ ಮಾಡಿಸಿದಾಗ ರಕ್ತದಲ್ಲಿ ಪಿ.ಎಸ್.ಎ. ಪ್ರಮಾಣವನ್ನೂ ನೋಡುವುದುಂಟು. ಅದು ಹೆಚ್ಚಿದ್ದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ವಯಸ್ಸಾದಂತೆ ಗ್ರಂಥಿ ದಪ್ಪವಾದರೂ, ಸೋಂಕು ತಗುಲಿದರೂ ಏರುತ್ತದೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಖಚಿತವಾಯಿತು, ಅದು ಗ್ರಂಥಿಯೊಳಗೇ ಇದೆ ಎಂದುಕೊಳ್ಳೋಣ. ಮುಂದೇನು?

ಬ್ರಿಟನ್ನಿನ ವೈದ್ಯರು 'ಪ್ರೊಟೆಕ್ಟ್' ಎಂಬ ಅಧ್ಯಯನದಲ್ಲಿ ಇದಕ್ಕೆ ಉತ್ತರ ಹುಡುಕಿದರು. 1999ರಿಂದ 2009ರವರೆಗೆ ಇಂತಹ 1,643 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ಹಂಚಿದರು. ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ವಿಕಿರಣ ಚಿಕಿತ್ಸೆ, ಮತ್ತೊಂದಕ್ಕೆ ನಿಯಮಿತ ತಪಾಸಣೆ. ರೋಗ ಬೆಳೆಯುವಂತೆ ಕಂಡರೆ ಮಾತ್ರ ಚಿಕಿತ್ಸೆ.

15 ವರ್ಷಗಳ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮೂರೂ ಗುಂಪುಗಳಲ್ಲಿ ಈ ಕ್ಯಾನ್ಸರಿನಿಂದ ತೀರಿಕೊಂಡವರು ನೂರಕ್ಕೆ ಎರಡು-ಮೂರು ಮಂದಿ ಮಾತ್ರ. ರೋಗ ಬೇರೆಡೆಗೆ ಹರಡಿದ್ದು ತಪಾಸಣೆಯ ಗುಂಪಿನಲ್ಲಿ ನೂರಕ್ಕೆ ಸುಮಾರು 9 ಮಂದಿಗೆ, ಉಳಿದೆರಡರಲ್ಲಿ ಸುಮಾರು 5 ಮಂದಿಗೆ. ಇದನ್ನು ಮುಚ್ಚಿಡಬಾರದು. ಹಾಗೆಯೇ, ಶಸ್ತ್ರಚಿಕಿತ್ಸೆಯಾಗಿ ಆರು ವರ್ಷ ಕಳೆದ ಮೇಲೂ ಮೂತ್ರ ಸೋರಿಕೆಗೆ ಪ್ಯಾಡ್ ಬಳಸುತ್ತಿದ್ದವರು ನೂರಕ್ಕೆ ಸುಮಾರು 17, ತಪಾಸಣೆಯ ಗುಂಪಿನಲ್ಲಿ 8. ಲೈಂಗಿಕ ಶಕ್ತಿ ಕುಂದಿದವರೂ ಶಸ್ತ್ರಚಿಕಿತ್ಸೆಯ ಗುಂಪಿನಲ್ಲೇ ಹೆಚ್ಚು. ನಮ್ಮ ಹಿರಿಯರು ನಾಚಿಕೆಯಿಂದ ಹೇಳಿಕೊಳ್ಳದೆ ನುಂಗಿಕೊಳ್ಳುವ ಕಷ್ಟಗಳಿವು.

ಇದನ್ನೋದಿ ಯಾರೂ ಚಿಕಿತ್ಸೆ ಬಿಡಬಾರದು. ಬಯಾಪ್ಸಿಯಲ್ಲಿ ರೋಗ ಉಗ್ರವೆಂದು ಕಂಡರೆ ಅಥವಾ ಗ್ರಂಥಿಯಿಂದ ಹೊರಗೆ ಹರಡಿದ್ದರೆ ಕಾಯುವಂತಿಲ್ಲ. ಮೂತ್ರದಲ್ಲಿ ರಕ್ತ ಕಂಡರೆ ಕೂಡಲೇ ವೈದ್ಯರಿಗೆ ತೋರಿಸಿ. ಕಾಯುವುದೆಂದರೆ ಕೈಕಟ್ಟಿ ಕೂರುವುದೂ ಅಲ್ಲ. ತಪಾಸಣೆ ತಪ್ಪಿಸುವವರಿಗೆ ಈ ದಾರಿ ಸಲ್ಲದು.

ಇನ್ನೊಂದು ಮಾತು. ಈ ತಿಳಿವಳಿಕೆ ದೊರೆತದ್ದು ಆ 1,643 ಮಂದಿ ಅಧ್ಯಯನಕ್ಕೆ ಒಪ್ಪಿದ್ದರಿಂದ. ನಮ್ಮಲ್ಲಿ ಸಂಶೋಧನೆ ಎಂದೊಡನೆ 'ನಮ್ಮ ಮೇಲೆ ಪ್ರಯೋಗ ಮಾಡುತ್ತಾರೆ' ಎಂಬ ಹೆದರಿಕೆ. ಹೆದರುವ ಬದಲು ವಿಚಾರಿಸಿ. ಔಷಧ ಪರೀಕ್ಷೆಗಳನ್ನು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯ. ಅಧ್ಯಯನ ನೋಂದಣಿಯಾಗಿದೆಯೇ, ನೈತಿಕ ಸಮಿತಿ ಒಪ್ಪಿದೆಯೇ, ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿದೆಯೇ ಎಂದು ಕೇಳಿ. ಯಾವಾಗ ಬೇಕಾದರೂ ಹೊರಬರುವ ಹಕ್ಕು ನಿಮ್ಮದು.

ಹಾಗೆಯೇ, ಮನೆಯ ಹಿರಿಯರಿಗೆ ಇಂಥ ಆಪರೇಷನ್ ಸೂಚಿಸಿದರೆ ಸಹಿ ಮಾಡುವ ಮುನ್ನ ಸರ್ಜನ್‌ರನ್ನು ಕೇಳಿ: "ಈಗಲೇ ಮಾಡಿಸಿದರೆ ಲಾಭವೆಷ್ಟು, ತೊಂದರೆ ಏನು, ಸ್ವಲ್ಪ ಕಾಲ ಕಾದು ನೋಡಿದರೆ ಏನಾಗುತ್ತದೆ?" ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಕೂರಿಸಿಕೊಂಡು ಉತ್ತರ ಹೇಳುತ್ತಾರೆ.