ಬೆಂಗಳೂರು ಸುತ್ತಿ ಮಂಗಳೂರಿಗೆ!

ಗೆಳೆಯರೇ, ಒಂದು ಭೂಪಟ, ಒಂದು ಸ್ಕೇಲು ತೆಗೆದುಕೊಳ್ಳಿ. ಹುಬ್ಬಳ್ಳಿಯ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆಗೆ ಒಂದು ಗೆರೆ ಎಳೆಯಿರಿ. ಸುಮಾರು 265 ಕಿಲೋಮೀಟರ್. ಅಷ್ಟೇ!

ನೆಲದ ಮೇಲೆ ಲೆಕ್ಕವೇ ಬೇರೆ. ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲಾ, ಕುಮಟಾ, ಭಟ್ಕಳ, ಕುಂದಾಪುರ, ಉಡುಪಿ ಮುಟ್ಟಿ ಮಂಗಳೂರು ತಲುಪುವಷ್ಟರಲ್ಲಿ 350 ಕಿಲೋಮೀಟರ್ ಮೀರುತ್ತದೆ. ಮಳೆಗಾಲದಲ್ಲಿ ಘಟ್ಟದ ಗುಡ್ಡ ಜರಿದರೆ ಆ ದಾರಿಯೂ ಬಂದ್. ಹುಬ್ಬಳ್ಳಿ-ಅಂಕೋಲಾ ರೈಲು? ಅದು ದಶಕಗಳಿಂದ ಕಡತದಲ್ಲೇ ಓಡುತ್ತಿದೆ. ಇಡೀ ರಾತ್ರಿ ಬಸ್ಸಿನಲ್ಲಿ ಮೈ ಮುದುಡಿಕೊಂಡು ಮಂಗಳೂರಿನ ಆಸ್ಪತ್ರೆಗೆ ಹೊರಟ ಧಾರವಾಡ ಜಿಲ್ಲೆಯ ರೋಗಿಯನ್ನು ಕೇಳಿ, ದೂರ ಎಂದರೇನು ಎಂದು ಆತ ಹೇಳುತ್ತಾನೆ.

ಈಗ ವಿಮಾನದ ಲೆಕ್ಕ. ಪುಟ್ಟ ಎಟಿಆರ್ ವಿಮಾನ ಗಂಟೆಗೆ ಸುಮಾರು 500 ಕಿಲೋಮೀಟರ್ ಹಾರುತ್ತದೆ. ಅರ್ಧ ಗಂಟೆ ಚಿಲ್ಲರೆ ಸಾಕಲ್ಲವೇ? ಸಾಲದು. ರನ್‌ವೇಯವರೆಗೆ ತೆವಳಬೇಕು, ಮೇಲೇರಬೇಕು, ಇಳಿಯಲು ಸರದಿ ಕಾಯಬೇಕು. ವಿಮಾನ ಜಾಗ ಬಿಟ್ಟ ಗಳಿಗೆಯಿಂದ ಮತ್ತೆ ನಿಲ್ಲುವ ಗಳಿಗೆಯವರೆಗಿನ ಹೊತ್ತನ್ನೇ ಕಂಪನಿಗಳು ವೇಳಾಪಟ್ಟಿಯಲ್ಲಿ ಹಾಕುತ್ತವೆ. ಹಾಗಾಗಿ ಒಂದು ಗಂಟೆ ಎನ್ನಿ. ಇರಲಿ, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರುವುದೆಲ್ಲಿ, ಒಂದು ಗಂಟೆ ಎಲ್ಲಿ!

ಆದರೆ ನೇರ ವಿಮಾನವಿಲ್ಲದ ದಿನ ಏನು ಮಾಡುತ್ತೀರಿ? ಮೊದಲು ಬೆಂಗಳೂರಿಗೆ ಹಾರಬೇಕು, ಸುಮಾರು 370 ಕಿಲೋಮೀಟರ್. ಅಲ್ಲಿ ಗಂಟೆಗಟ್ಟಲೆ ಬೆಂಚು ಕಾಯಬೇಕು. ಆಮೇಲೆ ಮತ್ತೆ 300 ಚಿಲ್ಲರೆ ಕಿಲೋಮೀಟರ್ ಪಶ್ಚಿಮಕ್ಕೆ. ಎರಡೂವರೆ ಪಟ್ಟು ದಾರಿ, ಎರಡು ಟಿಕೆಟ್ಟಿನ ದುಡ್ಡು, ಅರ್ಧ ದಿನ ಹಾಳು. ಕೊಂಕಣ ಸುತ್ತಿ ಮೈಲಾರಕ್ಕೆ ಎಂದು ನಮ್ಮ ಹಿರಿಯರು ನಗುತ್ತಿದ್ದರು. ಈಗ ಬೆಂಗಳೂರು ಸುತ್ತಿ ಕೊಂಕಣಕ್ಕೆ!

ನಿಲ್ದಾಣಗಳಿಗೆ ಬರವಿಲ್ಲ. ಕಲಬುರಗಿಯದು 2019ರಲ್ಲಿ ತೆರೆಯಿತು, ಬೀದರಿಗೆ 2020ರಲ್ಲಿ ವಿಮಾನ ಬಂತು, ಶಿವಮೊಗ್ಗದಲ್ಲಿ 2023ರಲ್ಲಿ ಉದ್ಘಾಟನೆಯಾಯಿತು. ಪ್ರತಿ ಸಲವೂ ರಿಬ್ಬನ್ನು, ಹಾರ, ಭಾಷಣ. ಆದರೆ ಕಲಬುರಗಿಯವನು ಮಂಗಳೂರಿಗೆ ಹೇಗೆ ಹೋಗಬೇಕು ಎಂದು ಯಾವ ವೇದಿಕೆಯಿಂದ ಯಾರು ಹೇಳಿದರು? ಬಂಡಿ ಚಕ್ರದ ಅರೆಕಾಲುಗಳಂತೆ ಎಲ್ಲ ದಾರಿಯೂ ಬೆಂಗಳೂರಿಗೇ ಹೋಗಿ ಸೇರಿದರೆ, ಜಿಲ್ಲೆ ಜಿಲ್ಲೆಗಳ ನಡುವೆ ಓಡಾಟ ಬೆಳೆಯುವುದು ಹೇಗೆ?

2017ರಲ್ಲಿ ಶುರುವಾದ ಉಡಾನ್ ಯೋಜನೆ ಇದಕ್ಕೆಂದೇ ಬಂತು. ಒಂದು ಗಂಟೆಯ, ಸುಮಾರು 500 ಕಿಲೋಮೀಟರಿನ ಹಾರಾಟಕ್ಕೆ ಅರ್ಧದಷ್ಟು ಸೀಟುಗಳಿಗೆ 2,500 ರೂಪಾಯಿಯ ಮಿತಿ ಎಂದರು. ಕಂಪನಿಗೆ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡುವುದು ಮೂರು ವರ್ಷ ಮಾತ್ರ. ಆಮೇಲೆ ಲಾಭ ಕಾಣದ ಮಾರ್ಗವನ್ನು ಕಂಪನಿ ಯಾಕೆ ಇಟ್ಟುಕೊಳ್ಳುತ್ತದೆ? ಅದು ಧರ್ಮಛತ್ರವಲ್ಲ. ಕೂಸಿಗೆ ಕಾಲು ಬರುವ ಮೊದಲೇ ಕೈ ಬಿಡುವ ಯೋಜನೆ ಮಾಡಿದವರನ್ನು ಕೇಳಬೇಕು. ನಷ್ಟದ ಹಳ್ಳಿ ಮಾರ್ಗಕ್ಕೆ ಸಾರಿಗೆ ಸಂಸ್ಥೆಯ ಬಸ್ಸು ಓಡಿಸುವ ರಾಜ್ಯ ಸರ್ಕಾರ, ಹುಬ್ಬಳ್ಳಿ-ಮಂಗಳೂರಿನಂಥ ಎರಡು-ಮೂರು ಮಾರ್ಗಗಳ ನಷ್ಟವನ್ನು ಇನ್ನೂ ಕೆಲವು ವರ್ಷ ಹೊರಲಾರದೇ?

ಗೆಳೆಯರೇ, ನಿಮ್ಮೂರಿಗೆ ಇನ್ನೊಂದು ನಿಲ್ದಾಣ ತರುತ್ತೇನೆ ಎಂದು ಮತ ಕೇಳಲು ಬಂದವರ ಮುಂದೆ ಆ ಭೂಪಟ ಬಿಚ್ಚಿ. ಬೆಂಗಳೂರನ್ನು ಬೆರಳಿನಿಂದ ಮುಚ್ಚಿ ಹಿಡಿಯಿರಿ. ಈಗ ಎಲ್ಲಿಂದ ಎಲ್ಲಿಗೆ ಹಾರಿಸುತ್ತೀರಿ ಸ್ವಾಮಿ, ವಾರಕ್ಕೆ ಎಷ್ಟು ದಿನ, ಎಷ್ಟು ವರ್ಷ ಎಂದು ಕೇಳಿ.