ಜಲ್ಲಿಯ ದಾರಿ ಯಾರದು?

ಕಳೆದ ರಾಜ್ಯೋತ್ಸವದ ಸಭೆ ಮುಗಿದು ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ ಸಂಘದ ಹಿರಿಯ ಸದಸ್ಯರೊಬ್ಬರು ತಮ್ಮ ಸ್ಪಿತಿ ಪ್ರವಾಸವನ್ನು ಬಣ್ಣಿಸುತ್ತಿದ್ದರು. ‘ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಮೂರನ್ನೂ ಮೂರು ಗಂಟೆಯಲ್ಲಿ ಮುಗಿಸಿಬಿಟ್ಟೆವು’ ಎಂದರು. ಅದೇ ದಾರಿಯನ್ನು ನಾನು ಸೆಪ್ಟೆಂಬರಿನಲ್ಲಿ ಬಾಡಿಗೆಯ ಸೈಕಲ್ಲಿನಲ್ಲಿ ಎರಡು ದಿನ ತುಳಿದೆನೆಂದೂ, ದಾರಿಯುದ್ದಕ್ಕೂ ಕಾರುಗಳ ಧೂಳು ಕುಡಿದೆನೆಂದೂ, ಆ ದಾರಿಯನ್ನು ಹೊರಗಿನ ವಾಹನಗಳಿಗೆ ಮುಚ್ಚಬೇಕೆಂದೂ ಹೇಳಿದೆ. ಅವರು ನಕ್ಕು, ‘ರಸ್ತೆ ಇರುವುದೇ ವಾಹನಕ್ಕಲ್ಲವೇ ಸ್ವಾಮಿ?’ ಎಂದರು. ಸುತ್ತಲಿದ್ದವರೂ ನಕ್ಕರು. ಆ ಪ್ರಶ್ನೆಗೆ ಅಂದು ಪಾಯಸದ ಮುಂದೆ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ಥಳದ ಪರಿಚಯ. ಸ್ಪಿತಿಯ ಕೇಂದ್ರವಾದ ಕಾಜಾ ಪಟ್ಟಣವು ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನೆತ್ತಿಯ ಮೇಲಿನ ಪ್ರಸ್ಥಭೂಮಿಗೆ ಏರಿ, ಈ ಮೂರು ಹಳ್ಳಿಗಳನ್ನು ಸುತ್ತಿ ಮತ್ತೆ ಕಾಜಾಕ್ಕೆ ಇಳಿಯುವ ಒಂದು ಕಿರಿದಾದ ದಾರಿಯಿದೆ. ಅಲ್ಲಲ್ಲಿ ಡಾಂಬರು ಕಂಡರೂ ಅದರ ಗುಣ ಜಲ್ಲಿಯದು. ಲಾಂಗ್ಜಾದ ನೆತ್ತಿಗೆ 6,300 ಮೀಟರ್ ದಾಟಿದ ಚಾವ್ ಚಾವ್ ಕಾಂಗ್ ನೀಲ್ಡಾ ಶಿಖರ. ಕಾಲಡಿಗೆ ಹಿಮಾಲಯ ಹುಟ್ಟುವ ಮೊದಲಿದ್ದ ಟೆಥಿಸ್ ಸಮುದ್ರದ ಜೀವಿಗಳ ಶಿಲಾಪಳೆಯುಳಿಕೆಗಳು. ಹಿಕ್ಕಿಂನಲ್ಲಿ 1983ರಿಂದ ನಡೆದುಬಂದ ಪುಟ್ಟ ಅಂಚೆ ಕಚೇರಿ. ಕೋಮಿಕ್ 4,500 ಮೀಟರಿಗೂ ಮೇಲೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಶೇಕಡ 60ನ್ನೂ ಮುಟ್ಟುವುದಿಲ್ಲ. ಒಂದೊಂದು ಉಸಿರನ್ನೂ ಸಂಪಾದಿಸಿ ಸೇದಬೇಕಾದ ಜಾಗದಲ್ಲಿ ಮುಂದಿನ ಕಾರಿನ ಹೊಗೆಯನ್ನು ಸೇದುವುದು ಎಂಥ ಅನುಭವವೆಂಬುದನ್ನು ಸೇದಿದವನೇ ಬಲ್ಲ.

ಇಂಥ ಜಲ್ಲಿ ದಾರಿಗಳಿಗೆಂದೇ ದಪ್ಪ ಟೈರಿನ, ಬಾಗಿದ ಹಿಡಿಯ ಸೈಕಲ್ಲುಗಳು ಇಂದು ಬಳಕೆಗೆ ಬಂದಿವೆ. ಮೋಟಾರು ಸಂಚಾರವಿಲ್ಲದ ಎತ್ತರದ ಕಣಿವೆಯ ದಾರಿಗಳನ್ನು ಹುಡುಕಿಕೊಂಡು ಹೋಗುವ ಸವಾರರ ವರ್ಗವೂ ಬೆಳೆದಿದೆ. ಸ್ವಿಟ್ಜರ್ಲೆಂಡಿನ ಗೊಟ್ಟಾರ್ಡ್ ಕಣಿವೆಯಲ್ಲಿ 1980ರಲ್ಲಿ ಸುಮಾರು 17 ಕಿಲೋಮೀಟರಿನ ರಸ್ತೆ ಸುರಂಗ ತೆರೆದ ಮೇಲೆ ಅವಸರದ ವಾಹನಗಳು ಬೆಟ್ಟದೊಳಗೆ ಹೋದವು. ಟ್ರೆಮೋಲಾ ಎಂಬ ಹಳೆಯ ಕಲ್ಲುಹಾಸಿನ ಘಾಟಿ ದಾರಿ ಸೈಕಲ್ ಸವಾರರ ಪಾಲಿಗೆ ಯಾತ್ರಾಸ್ಥಳವಾಯಿತು. ಸುರಂಗ ಕೊರೆದದ್ದರ ಲಾಭ ಬೆಟ್ಟದ ಮೇಲಕ್ಕೂ ಸಿಕ್ಕಿತು.

ನಮ್ಮಲ್ಲಿಯೂ ಸುರಂಗ ಬಂತು. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ 9.02 ಕಿಲೋಮೀಟರಿನ ಅಟಲ್ ಸುರಂಗವು ಮನಾಲಿ–ಲೇಹ್ ದಾರಿಯನ್ನು 46 ಕಿಲೋಮೀಟರಿನಷ್ಟು ಕಡಿಮೆ ಮಾಡಿತು. ಚಳಿಗಾಲದಲ್ಲಿ ರೋಹ್ತಾಂಗ್ ಮುಚ್ಚಿದಾಗ ತಿಂಗಳುಗಟ್ಟಲೆ ಹೊರಜಗತ್ತಿನಿಂದ ಕಡಿದುಹೋಗುತ್ತಿದ್ದ ಲಾಹುಲಿನ ರೋಗಿಗೂ ಬಸುರಿಗೂ ಅದು ಜೀವದಾನ. ಅದನ್ನು ಹಳಿಯುವವನು ನಾನಲ್ಲ. ನನ್ನ ತಕರಾರು ಬೇರೆ: ಸುರಂಗವು ತಂದು ಸುರಿದ ವಾಹನಗಳಿಗೆ ಮೇಲಿನ ಕಣಿವೆಗಳಲ್ಲಿ ಎಲ್ಲಿಯವರೆಗೆ ಪ್ರವೇಶ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇ ಇಲ್ಲ. 2011ರ ಜನಗಣತಿಯಂತೆ ಇಡೀ ಲಾಹುಲ್–ಸ್ಪಿತಿ ಜಿಲ್ಲೆಯ ಜನಸಂಖ್ಯೆ 31,564. ನಮ್ಮ ಮಹಾನಗರಗಳ ಒಂದು ಬಡಾವಣೆಯಷ್ಟೂ ಇಲ್ಲದ ಜನ ತಮ್ಮ ಬಟಾಣಿ ಹೊಲಗಳಿಗೆಂದೂ ದನಕರುಗಳಿಗೆಂದೂ ಉಳಿಸಿಕೊಂಡ ನೆಲದ ಮೇಲೆ ನಾವು ನಮ್ಮ ವಾರಾಂತ್ಯವನ್ನು ಹರಡುತ್ತಿದ್ದೇವೆ.

ನನ್ನ ಸಲಹೆ ಸರಳವಾದದ್ದು. ಕಾಜಾವನ್ನು ಹಾದುಹೋಗುವ ಹೆದ್ದಾರಿಯನ್ನು ಎಷ್ಟು ಬೇಕಾದರೂ ಸುಧಾರಿಸಲಿ. ಆದರೆ ಕಾಜಾದಿಂದ ಮೇಲಿನ ಮೂರು ಹಳ್ಳಿಗಳ ದಾರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿದಿನ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರ ತನಕ ಹೊರಗಿನ ಮೋಟಾರು ವಾಹನಗಳಿಗೆ ಪ್ರವೇಶವಿರಬಾರದು. ಹಳ್ಳಿಯವರ ವಾಹನ, ಸರ್ಕಾರಿ ಬಸ್ಸು, ಆಂಬುಲೆನ್ಸ್, ಸೇನೆ, ಬಟಾಣಿ ಸಾಗಿಸುವ ಲಾರಿ ಇವಕ್ಕೆ ಯಾವ ಹೊತ್ತಿನಲ್ಲೂ ತಡೆಯಿಲ್ಲ. ಉಳಿದ ದಾರಿ ನಡೆಯುವವರಿಗೆ, ಕುರಿ–ಯಾಕ್‌ಗಳಿಗೆ, ಸೈಕಲ್ಲಿಗೆ.

ಇದಕ್ಕೆ ಹೊಸ ಶಾಸನವೇನೂ ಬೇಕಿಲ್ಲ. ಮೂರು ದಶಕ ಕಡತಗಳ ನಡುವೆ ಬದುಕಿದವನಾದ್ದರಿಂದ ಇಷ್ಟನ್ನು ಹೇಳಬಲ್ಲೆ: 1988ರ ಮೋಟಾರು ವಾಹನ ಅಧಿನಿಯಮದ 115ನೆಯ ಪ್ರಕರಣವು ಸಾರ್ವಜನಿಕ ಸುರಕ್ಷತೆ, ಅನುಕೂಲ ಅಥವಾ ರಸ್ತೆಯ ಸ್ವರೂಪದ ಕಾರಣಕ್ಕೆ ವಾಹನಗಳನ್ನು ನಿರ್ಬಂಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೂ ಅದು ನೇಮಿಸಿದ ಪ್ರಾಧಿಕಾರಕ್ಕೂ ಕೊಟ್ಟಿದೆ. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ರಾಜ್ಯಪತ್ರದ ಅಧಿಸೂಚನೆಯೂ ಬೇಡ, ಸ್ಥಳೀಯ ಪ್ರಚಾರ ಸಾಕು. ಅಂದರೆ ಒಂದು ತಿಂಗಳು ಪ್ರಯೋಗ ಮಾಡಿ ನೋಡಲು ಕಾನೂನೇ ಬಾಗಿಲು ತೆರೆದಿಟ್ಟಿದೆ.

‘ಇದೆಲ್ಲ ಯೂರೋಪಿನ ಶೋಕಿ, ನಮ್ಮ ದೇಶದಲ್ಲಿ ನಡೆಯದು’ ಎನ್ನುವವರಿಗೆ ನಮ್ಮ ದೇಶವನ್ನೇ ತೋರಿಸುತ್ತೇನೆ. ಮುಂಬಯಿಯ ನಮ್ಮ ಬಂಧುಗಳು ಬಲ್ಲ ಮಾಥೆರಾನ್‌ನಲ್ಲಿ ಎಂಥ ಸಿರಿವಂತನ ಕಾರೂ ದಸ್ತೂರಿ ನಾಕಾದಲ್ಲಿ ನಿಲ್ಲಲೇಬೇಕು. ಅದರಿಂದ ಮಾಥೆರಾನ್ ಬಡವಾಗಲಿಲ್ಲ. ಜನ ಹೋಗುವುದೇ ಆ ಕಾರಣಕ್ಕೆ. ಹಿಮಾಚಲದ ರಾಜಧಾನಿಯಲ್ಲೇ ಮಾಲ್ ರಸ್ತೆ ನಡೆಯುವವರ ಪಾಲಿಗಿದೆ. ಶಿಮ್ಲಾದ ರಸ್ತೆಗಳಲ್ಲಿ ವಾಹನ ನಿರ್ಬಂಧಿಸಲೆಂದೇ 2007ರ ಕಾಯಿದೆಯೊಂದಿದೆ. ರಾಜಧಾನಿಯ ಪಾದಚಾರಿಗೆ ಸಲ್ಲುವ ಮರ್ಯಾದೆ ಕೋಮಿಕ್‌ನ ಪಾದಚಾರಿಗೆ ಏಕೆ ಸಲ್ಲಬಾರದು? ಇನ್ನು ಬಂಡೀಪುರ. 2009ರಿಂದ ಅಲ್ಲಿನ ಹೆದ್ದಾರಿ ರಾತ್ರಿ ಮುಚ್ಚಿದಾಗ, ನೆರೆರಾಜ್ಯದ ಒತ್ತಡ ಬಂದಾಗ, ಆನೆಗಳ ಪರವಾಗಿ ಕನ್ನಡಿಗರು ಎತ್ತಿದ ದನಿಗೆ ನಮ್ಮದನ್ನೂ ಸೇರಿಸಿದವರು ನಾವೇ. ನಮ್ಮ ಕಾಡಿಗೊಂದು ನ್ಯಾಯ, ಬೇರೆಯವರ ಬೆಟ್ಟಕ್ಕೊಂದು ನ್ಯಾಯ ಎನ್ನುವಂತಿಲ್ಲ.

ವಿರೋಧದ ಮಾತುಗಳಲ್ಲಿ ಮೂರಕ್ಕೆ ತೂಕವಿದೆ. ಪ್ರವಾಸಿಗರು ಕಡಿಮೆಯಾದರೆ ಹಳ್ಳಿಗರ ಆದಾಯ ಕುಸಿಯುವುದೆಂಬುದು ಮೊದಲನೆಯದು. ಆದರೆ ಮೂರು ಗಂಟೆಯಲ್ಲಿ ಮೂರು ಹಳ್ಳಿ ‘ಮುಗಿಸುವ’ ಪ್ರವಾಸಿ ಬಿಟ್ಟುಹೋಗುವುದೇನು? ಒಂದು ಲೋಟ ಚಹಾದ ಹಣ ಮತ್ತು ನೀರಿನ ಖಾಲಿ ಬಾಟಲಿ. ಸೈಕಲ್ಲಿನವನಿಗೆ ಅವಸರ ಮಾಡುವ ಸ್ವಾತಂತ್ರ್ಯವೇ ಇಲ್ಲ. ಆ ಎತ್ತರಕ್ಕೆ ದೇಹ ಒಗ್ಗಲು ಮೊದಲು ಎರಡು ಮೂರು ದಿನ ಕಾಜಾದಲ್ಲಿ ತಂಗಬೇಕು, ಇಲ್ಲವಾದರೆ ಪ್ರಾಣಕ್ಕೇ ಸಂಚಕಾರ. ಮೇಲೇರಿದ ಮೇಲೆ ಒಂದು ರಾತ್ರಿಯಾದರೂ ಹಳ್ಳಿಯ ಮನೆಯಲ್ಲಿ ಉಣ್ಣಬೇಕು, ಮಲಗಬೇಕು. ಲಾಂಗ್ಜಾದಲ್ಲಿ ನಾನು ಉಳಿದ ಮನೆಯ ಗೃಹಿಣಿ ಹೇಳಿದ್ದು ಇಷ್ಟೇ: ‘ಕಾರಿನವರು ಫೋಟೋ ತೆಗೆಯುತ್ತಾರೆ, ನಿಮ್ಮಂಥವರು ಊಟ ಮಾಡುತ್ತೀರಿ.’ ಅರ್ಥಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ನಾನು ಕಲಿತದ್ದಕ್ಕಿಂತ ಇದು ಸ್ಪಷ್ಟವಾಗಿತ್ತು.

ಎರಡನೆಯದು ವೃದ್ಧರ, ಮಕ್ಕಳ, ಅಂಗವಿಕಲರ ಪ್ರಶ್ನೆ. ಅವರೂ ಆ ಬೆಟ್ಟ ನೋಡಬೇಡವೇ? ಖಂಡಿತ ನೋಡಬೇಕು. ಬೆಳಿಗ್ಗೆ ಒಂಬತ್ತರ ಮೊದಲು, ಮೂರರ ನಂತರ ದಾರಿ ತೆರೆದೇ ಇರುತ್ತದೆ. ನಡುವೆಯೂ ಬಸ್ಸಿದೆ, ಹಳ್ಳಿಯವರ ವಾಹನವಿದೆ. ಬಾಡಿಗೆ ಅವರ ಕೈಸೇರಲಿ.

ಮೂರನೆಯ ಆಕ್ಷೇಪ ನನ್ನನ್ನು ನಿಜವಾಗಿ ಚುಚ್ಚಿದ್ದು: ಜಲ್ಲಿ ದಾರಿಯ ಸೈಕಲ್ಲುಗಳು ಲಕ್ಷಗಟ್ಟಲೆ ಬೆಲೆಯವು, ಇದು ಉಳ್ಳವರ ಹೊಸ ಚಟ, ಕಾರಿನವರನ್ನು ಓಡಿಸಿ ಆ ಜಾಗದಲ್ಲಿ ಇವರನ್ನು ಕೂರಿಸಿದರೆ ಏನು ಸಾಧಿಸಿದಂತಾಯಿತು? ಒಪ್ಪುತ್ತೇನೆ. ಸೈಕಲ್ ಸವಾರನಿಗಾಗಿ ದಾರಿ ಕಾಯ್ದಿರಿಸುವುದು ಗುರಿಯಾದರೆ ಅದು ಇನ್ನೊಂದು ಬಗೆಯ ಒತ್ತುವರಿಯೇ ಸರಿ. ದಾರಿಯ ಮೊದಲ ಹಕ್ಕು ಹಳ್ಳಿಯ ಮಗುವಿನದು, ಕುರಿ ಕಾಯುವವನದು. ಅವರ ಹಿಂದೆ, ಅವರ ನಡಿಗೆಯ ವೇಗಕ್ಕೆ ಬಗ್ಗಿ ಹೋಗಬಲ್ಲ ಪ್ರವಾಸಿ ಯಾರೆಂದು ಕೇಳಿದರೆ ಮಾತ್ರ ಸೈಕಲ್ಲಿನ ಹೆಸರು ಬರುತ್ತದೆ. ನಾನು ತುಳಿದದ್ದು ಕಾಜಾದಲ್ಲಿ ದಿನದ ಬಾಡಿಗೆಗೆ ಸಿಕ್ಕ, ಗೇರು ಜಾರುವ ಹಳೆಯ ಸೈಕಲ್ಲು. ಏರಿನ ಅರ್ಧ ಭಾಗ ಅದನ್ನು ನೂಕಿಕೊಂಡೇ ಹೋದೆ.

ಕೊನೆಯ ಮಾತು ಹಳ್ಳಿಗಳ ಒಪ್ಪಿಗೆಯದು. ದೆಹಲಿಯಲ್ಲೋ ಶಿಮ್ಲಾದಲ್ಲೋ ಆದೇಶ ಹೊರಡಿಸಿ ಮೇಲಿನಿಂದ ಹೇರಿದರೆ ಇದು ನಿಲ್ಲದು. ಇಲ್ಲಿಯೂ ದಾರಿ ತೋರಿದವರಿದ್ದಾರೆ. ಮೈಸೂರಿನಲ್ಲಿ ನೆಲೆಗೊಂಡ ನೇಚರ್ ಕನ್ಸರ್ವೇಶನ್ ಫೌಂಡೇಶನ್, 1990ರ ದಶಕದ ಕೊನೆಯಿಂದ ಇದೇ ಸ್ಪಿತಿಯ ಕಿಬ್ಬರ್ ಗ್ರಾಮದವರೊಡನೆ ಕುಳಿತು ಮಾತನಾಡಿ, ಹುಲ್ಲುಗಾವಲಿನ ಒಂದು ಭಾಗವನ್ನು ವನ್ಯಜೀವಿಗಳಿಗಾಗಿ ಮೇಯಿಸದೆ ಬಿಡಲು ಒಪ್ಪಿಸಿತು. ಪ್ರತಿಯಾಗಿ ಗ್ರಾಮಕ್ಕೆ ಹಣ ಸಂದಿತು. ಮುಂದೆ ಹಿಮಚಿರತೆ ಕೊಂದ ಜಾನುವಾರುಗಳಿಗೆ ವಿಮೆಯ ಏರ್ಪಾಡೂ ಬಂತು. ತಮ್ಮ ಹುಲ್ಲುಗಾವಲನ್ನೇ ಬಿಟ್ಟುಕೊಟ್ಟ ಜನರ ನೆರೆಹೊರೆಯಲ್ಲಿ ನಾವು ದಿನಕ್ಕೆ ಆರು ಗಂಟೆ ನಮ್ಮ ಕಾರನ್ನು ಬಿಡಲಾರೆವೇ? 2025ರಲ್ಲಿ ಈ ಶೀತ ಮರುಭೂಮಿಯ ಜೀವಗೋಳ ಮೀಸಲು ಯುನೆಸ್ಕೋದ ಜಾಗತಿಕ ಜಾಲಕ್ಕೆ ಸೇರಿದೆ. ಗೌರವದ ಫಲಕ ಬಂದಾಯಿತು, ನಡವಳಿಕೆ ಬರಬೇಕಾಗಿದೆ.

ನಮ್ಮ ಸಂಘ ಮುಂದಿನ ವರ್ಷದ ಪ್ರವಾಸಕ್ಕೆ ಸ್ಪಿತಿಯನ್ನೇ ಆರಿಸಿದೆಯೆಂದು ಕೇಳಿದೆ. ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ. ನಮ್ಮ ವಾಹನಗಳು ಕಾಜಾದಲ್ಲಿ ನಿಲ್ಲಲಿ. ಮೇಲಕ್ಕೆ ಹಳ್ಳಿಯವರ ವಾಹನದಲ್ಲೋ, ಕಾಲ್ನಡಿಗೆಯಲ್ಲೋ, ಸೈಕಲ್ಲಿನಲ್ಲೋ ಹೋಗೋಣವೆಂದು ಕಾರ್ಯಕಾರಿ ಸಮಿತಿ ನಿರ್ಣಯಿಸಲಿ. ಪರರ ನಾಡಿನಲ್ಲಿ ಬದುಕು ಕಟ್ಟಿಕೊಂಡ ನಮಗೆ ಅತಿಥಿಯ ಮರ್ಯಾದೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಕ್ಕ ಆ ಹಿರಿಯರನ್ನೂ ಜೊತೆಗೆ ಕರೆಯುತ್ತೇನೆ. ಏರಿನಲ್ಲಿ ಅವರ ಸೈಕಲ್ಲನ್ನೂ ನೂಕಿಕೊಂಡು ಬರಲು ನಾನು ಸಿದ್ಧ.